ಕ್ವಿಯರ್ ಬದುಕು, ಉಡುಗೆ-ತೊಡುಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹದಿನೆಂಟು ದಾಟಿದವರಿಗೆ. ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್, ನಾನ್ ಬೈನರಿ (ಗಂಡು-ಹೆಣ್ಣು ಎರಡರಲ್ಲೂ ಪೂರ್ತಿ ಸೇರದವರು), ಇನ್ನೂ ಹೆಸರು ಹಚ್ಚಿಕೊಳ್ಳದವರು, ಎಲ್ಲರಿಗೂ ಬರುವ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇವೆ. ನಿಮಗೆ ಬೇಕಾದ್ದನ್ನು ಓದಿ, ಉಳಿದದ್ದನ್ನು ಬಿಡಿ.

ವಯಸ್ಸು ನಲವತ್ತು ದಾಟಿದೆ. ಈಗ ನನಗೆ ಒಪ್ಪುವಂತೆ ಉಡಲು ಶುರು ಮಾಡಿದರೆ ನಗೆಪಾಟಲಾಗುವುದಿಲ್ಲವೇ?

ಕಾಲೇಜು ಹುಡುಗರ ನಕಲು ಹೊಡೆದರೆ ಆಗಬಹುದು. ನಿಮ್ಮ ವಯಸ್ಸಿಗೆ, ಮೈಕಟ್ಟಿಗೆ ಕೂಡುವಂಥದ್ದನ್ನು ಆರಿಸಿಕೊಂಡರೆ ಆಗುವುದಿಲ್ಲ. ಈ ವಯಸ್ಸಿಗೆ ಕೈಯಲ್ಲಿ ಸ್ವಂತ ರೊಕ್ಕ ಇರುತ್ತದೆ, ಯಾವ ಬಟ್ಟೆ ಹಾಕಿದ ದಿನ ಮೈ ಮುದುಡಿ ಕೂರುತ್ತದೆ ಅನ್ನುವುದೂ ಗೊತ್ತಿರುತ್ತದೆ. ಕಪಾಟು ತೆರೆದು ಅಂಥ ಬಟ್ಟೆಗಳನ್ನು ಬೇರೆ ತೆಗೆದಿಡಿ. ತೊಂದರೆ ಎಲ್ಲಿದೆ ನೋಡಿ: ಬಣ್ಣವೋ, ಎದೆಯ ಹತ್ತಿರದ ಕಟಿಂಗೋ, ಕೊರಳಿನ ಆಕಾರವೋ, ಸೊಂಟದ ಬಿಗಿಯೋ? ಹೆಚ್ಚಿನವರಿಗೆ ಉತ್ತರ ಕಟಿಂಗ್ ಮತ್ತು ಅಳತೆಯಲ್ಲೇ ಸಿಗುತ್ತದೆ. ಅದನ್ನು ಸರಿಮಾಡಿಸುವುದು ಮೊದಲ ಕೆಲಸ. ಕಾಮನಬಿಲ್ಲಿನ ಟೀ ಶರ್ಟು ಕೊನೆಯ ಕೆಲಸ, ಬೇಕಿದ್ದರೆ ಮಾತ್ರ.

ಖರೀದಿಗೆ ಹೋಗುವ ಮುಂಚೆ ತೀರ್ಮಾನಿಸಬೇಕಾದದ್ದು ಏನು?

ಇದು ಯಾರ ಕಣ್ಣಿಗೆ ಅನ್ನುವುದು. ಕೆಲವು ನಿಮಗೆ ಮಾತ್ರ ಗೊತ್ತಿರುವಂಥವು: ಒಳಉಡುಪು, ತೋಳಿನ ಮಡಿಕೆಯ ಒಳಗಿನ ಹೊಲಿಗೆ, ಸಾಕ್ಸ್. ಕೆಲವು ಬಲ್ಲವರಿಗಷ್ಟೇ ತಿಳಿಯುವಂಥವು: ಉಂಗುರ, ಕೂದಲಿನ ಕಟಿಂಗ್, ಒಂದು ಬಣ್ಣದ ಜೋಡಿ. ಇನ್ನು ಕೆಲವು ಇಡೀ ಖಡೇಬಜಾರಿಗೆ ಕಾಣುವಂಥವು. ಮೂರನ್ನೂ ಒಂದೇ ದಿನ ಹೊತ್ತುಕೊಳ್ಳಬೇಕೆಂದಿಲ್ಲ. ಅತ್ತೆ ಮನೆಯ ಕಾರ್ಯಕ್ಕೆ ಮೊದಲ ಗುಂಪು, ಗೆಳೆಯರ ಊಟಕ್ಕೆ ಮೂರನೆಯದು ಅಂತ ಹಂಚಿಕೊಂಡರೆ ಅದು ಹೇಡಿತನವಲ್ಲ. ಎಲ್ಲ ಕಡೆ ಎಲ್ಲವನ್ನೂ ತೋರಿಸಿದರೇ ಪ್ರಾಮಾಣಿಕತೆ ಅನ್ನುವ ಉಪದೇಶ ದೊಡ್ಡ ಊರಿನಲ್ಲಿ ಒಂಟಿಯಾಗಿ ಬಾಡಿಗೆಗೆ ಇರುವವರದು. ಇಲ್ಲಿ ಹಾಲಿನವನಿಗೂ ನಿಮ್ಮ ಚಿಕ್ಕಪ್ಪ ಗೊತ್ತು.

ಕಾಮನಬಿಲ್ಲು, ಬೇರೆ ಬಾವುಟಗಳ ಬಣ್ಣ ಇಲ್ಲಿ ಯಾರಿಗಾದರೂ ತಿಳಿಯುತ್ತವೆಯೇ?

ಕಾಮನಬಿಲ್ಲು ಕ್ವಿಯರ್ ಜನರ ಬಾವುಟ ಅನ್ನುವುದು ಈಗ ಹರೆಯದವರಿಗೆ ತಿಳಿಯುತ್ತದೆ. ಗಿಲ್ಬರ್ಟ್ ಬೇಕರ್ 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಮೊದಲ ಬಾವುಟಕ್ಕೆ ಎಂಟು ಬಣ್ಣ ಇದ್ದವು. ಈಗ ಚಾಲ್ತಿಯಲ್ಲಿರುವುದು ಆರು: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಮಕ್ಕಳ ಅಂಗಡಿಯಲ್ಲಿ ಸಿಗುವುದು ಏಳು ಬಣ್ಣದ್ದು, ಅದನ್ನು ಯಾರೂ ಹಾಗೆ ಓದುವುದಿಲ್ಲ. ಉಳಿದ ಬಾವುಟಗಳು ಬಲ್ಲವರಿಗಷ್ಟೇ. ಮೋನಿಕಾ ಹೆಲ್ಮ್ಸ್ 1999ರಲ್ಲಿ ರೂಪಿಸಿದ ಟ್ರಾನ್ಸ್ ಬಾವುಟ ತಿಳಿನೀಲಿ, ಗುಲಾಬಿ, ಬಿಳಿ. ಮೈಕಲ್ ಪೇಜ್ 1998ರಲ್ಲಿ ಮಾಡಿದ ಬೈಸೆಕ್ಷುವಲ್ ಬಾವುಟ ಗುಲಾಬಿ, ನೇರಳೆ, ನೀಲಿ. ನಾನ್ ಬೈನರಿಯದು ಹಳದಿ, ಬಿಳಿ, ನೇರಳೆ, ಕಪ್ಪು. ತಿಳಿನೀಲಿ ಅಂಗಿ, ಗುಲಾಬಿ ಕರವಸ್ತ್ರ, ಬಿಳಿ ಪ್ಯಾಂಟು ಹಾಕಿಕೊಂಡು ಮದುವೆಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಇದರ ಅನುಕೂಲ.

ಆದರೆ ನಮ್ಮ ಕಡೆ ಬಣ್ಣಗಳಿಗೆ ಬೇರೆ ಓದು ಮೊದಲೇ ಇದೆ. ಕೇಸರಿ, ಹಸಿರು, ನೀಲಿ, ಮೂರಕ್ಕೂ ಪಕ್ಷ, ಧರ್ಮ, ಸಂಘಟನೆಯ ಅರ್ಥ ಅಂಟಿದೆ. ಹಳದಿ-ಕೆಂಪು ಕನ್ನಡ ಬಾವುಟ. ಬೆಳಗಾವಿಯಲ್ಲಿ ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಎಂಇಎಸ್‌ನವರ (ಮಹಾರಾಷ್ಟ್ರ ಏಕೀಕರಣ ಸಮಿತಿ) ಕರಾಳ ದಿನ. ಅವತ್ತು ಅಪ್ಪಟ ಕಪ್ಪು ಅಂಗಿ ಹಾಕಿಕೊಂಡು ಚೆನ್ನಮ್ಮ ವೃತ್ತಕ್ಕೆ ಹೋದರೆ ನಿಮ್ಮ ಲಿಂಗತ್ವದ ಬಗ್ಗೆ ಯಾರೂ ಕೇಳುವುದಿಲ್ಲ, ಗಡಿ ವಿಷಯ ಕೇಳುತ್ತಾರೆ.

ಇಳಕಲ್ ಸೀರೆ ನನಗೆ ಇಷ್ಟ, ಆದರೆ ಸೀರೆ ಉಡುವವನಲ್ಲ. ಅಂಗಿ ಹೊಲಿಸಬಹುದೇ?

ಧಾರಾಳವಾಗಿ. ಆರು ಗಜದ ಸೀರೆ ಸುಮಾರು 5.5 ಮೀಟರ್. ಸೆರಗನ್ನು ಮುಟ್ಟದೆ ಶಲ್ಯವಾಗಿ ಇಟ್ಟುಕೊಳ್ಳಿ. ಆ ಕೆಂಪು-ಬಿಳಿ ಟೋಪ್ ತೆನಿ ಸೆರಗೇ ಸೀರೆಯ ಗುರುತು, ಅದನ್ನು ತುಂಡು ಮಾಡಿ ಜೇಬಿಗೆ ಹಚ್ಚುವುದು ಸುಮ್ಮನೆ ದಂಡ. ಇಳಕಲ್‌ನಲ್ಲಿ ಸೆರಗಿನ ಹಾಸುನೂಲನ್ನು ಒಡಲಿನ ಹಾಸುನೂಲಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹಾಗಾಗಿ ಆ ಜೋಡಣೆಯಿಂದ ಕನಿಷ್ಠ 2 ಇಂಚು ಒಡಲು ಬಿಟ್ಟು, ಕತ್ತರಿಸುವ ಗೆರೆಯ ಎರಡೂ ಬದಿಗೆ ಮಶೀನ್ ಹೊಲಿಗೆ ಹಾಕಿಸಿ, ಆಮೇಲೆ ಕತ್ತರಿ ಆಡಿಸಬೇಕು. ಇಲ್ಲದಿದ್ದರೆ ಜೋಡಣೆ ಬಿಚ್ಚಿಕೊಳ್ಳುತ್ತದೆ.

ಒಡಲನ್ನು ಅಡ್ಡ ಕತ್ತರಿಸಲು ಹೇಳಿ, ಅಂದರೆ ಸೀರೆಯ ಅಗಲ ಕುರ್ತಾದ ಉದ್ದಕ್ಕೆ ಬರಬೇಕು. ಆಗ ಒಂದು ಬದಿಯ ದಡಿ ತಾನಾಗಿಯೇ ಕೆಳಅಂಚಿಗೆ ಬೀಳುತ್ತದೆ, ಇನ್ನೊಂದು ಬದಿಯದನ್ನು ತೋಳಿನ ತುದಿಗೆ, ಗುಂಡಿಪಟ್ಟಿಗೆ ಬಳಸಬಹುದು. ಮುಂದೆ-ಹಿಂದೆ ಸೇರಿ ಸುಮಾರು ಒಂದೂವರೆ ಮೀಟರ್, ಪೂರ್ಣ ತೋಳಿಗೆ ಇನ್ನೊಂದು ಮೀಟರ್ ಚಿಲ್ಲರೆ ಹಿಡಿಯುತ್ತದೆ. ಹೊಲಿಸುವ ಮುಂಚೆ ನೀರಿಗೆ ಹಾಕುವುದನ್ನು ಮಾತ್ರ ಬಿಡಬೇಡಿ. ಒಡಲು ಹತ್ತಿಯದು, ದಡಿ ರೇಷ್ಮೆ ಅಥವಾ ಕೃತಕ ರೇಷ್ಮೆಯದು. ಹತ್ತಿ ಕುಗ್ಗಿದಷ್ಟು ದಡಿ ಕುಗ್ಗುವುದಿಲ್ಲ. ಹೊಲಿಸಿದ ಮೇಲೆ ಒಗೆದರೆ ಅಂಚು ಸುಕ್ಕುಗಟ್ಟಿ ಅಲೆ ಅಲೆಯಾಗುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ತಣ್ಣೀರಲ್ಲಿ ಎರಡು ತಾಸು ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಅದಕ್ಕೂ ಮೊದಲು ಸೆರಗಿನ ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಕೆಂಪು ಹತ್ತಿದರೆ ಸೆರಗನ್ನು ಯಾವತ್ತೂ ಬೇರೆಯಾಗಿಯೇ ಒಗೆಯಿರಿ.

ಗುಳೇದಗುಡ್ಡದ ಖಣ ಬೇರೆ ಲೆಕ್ಕ. ಅದು ಕುಬಸಕ್ಕೆಂದೇ ನೇಯ್ದದ್ದು, ಸಾಂಪ್ರದಾಯಿಕ ಖಣದ ಅಗಲ ಸೀರೆಗಿಂತ ಬಹಳ ಕಡಿಮೆ. ಪೂರ್ತಿ ಅಂಗಿಗೆ ಹೋದರೆ ಬೆನ್ನ ನಡುವೆ ಜೋಡು ಬರುತ್ತದೆ. ಬಂಡಿ ಜಾಕೀಟಿನ ಮುಂಭಾಗ, ಕಾಲರ್, ತೋಳಿನ ಪಟ್ಟಿಗೆ ಬಳಸಿ, ಬೆನ್ನಿಗೆ ಸಾದಾ ಹತ್ತಿ ಹಾಕಿಸಿ. ಖಣದ ಬುಟ್ಟಾಗಳಿಗೆ ಮೇಲೆ-ಕೆಳಗೆ ಇರುತ್ತದೆ. ಎಡಬಲ ತುಂಡುಗಳು ಒಂದೇ ದಿಕ್ಕಿಗಿರಲಿ ಅಂತ ಟೇಲರಿಗೆ ಬಾಯಿಬಿಟ್ಟು ಹೇಳಿ. ಗಂಡಸಿನ ಮೈಮೇಲೆ ಖಣದ ಬಂಡಿ ಕಂಡರೆ ನಮ್ಮೂರ ಹೆಂಗಸರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ ಇದು ಕುಬಸದ ಬಟ್ಟೆ ಅಂತ. ಬೆಂಗಳೂರಿನವರಿಗೆ ಅದು ಕೈಮಗ್ಗದ ಜಾಕೀಟು ಅಷ್ಟೇ.

ಸೀರೆ ಉಡಲೇಬೇಕಾದ ಸಂದರ್ಭ ಬರುತ್ತದೆ, ನನಗೆ ಸೀರೆ ಅಂದರೆ ಉಸಿರು ಕಟ್ಟುತ್ತದೆ.

ಕಚ್ಚೆ ಸೀರೆ ಉಟ್ಟು ನೋಡಿ. ಒಂಬತ್ತು ಗಜ, ಅಂದರೆ ಸುಮಾರು 8.2 ಮೀಟರ್ ಬೇಕು. ಆರು ಗಜದಲ್ಲಿ ಸಣ್ಣ ಮೈಯವರಿಗೂ ಎಳೆದಾಡಿದಂತಾಗುತ್ತದೆ. ಒಳಗೆ ಲಂಗ ಇಲ್ಲ, ಕಾಲಿಗೆ ಕಾಲು ಬಿಡಿ, ನೆರಿಗೆ ಹಿಂದೆ ಕಚ್ಚೆಗೆ ಹೋಗುತ್ತದೆ. ಮೇಲೆ ಕಾಲರಿನ ನೇರ ಕಟಿಂಗಿನ ಜಂಪರ್. ಹಿರಿಯರು "ಅವ್ವನ ಗತೆ ಉಟ್ಟಾಳ" ಅಂತ ಮೆಚ್ಚುತ್ತಾರೆ, ನಿಮಗೆ ಧೋತರ ಉಟ್ಟಷ್ಟೇ ಸಲೀಸು.

ನಾನು ಟ್ರಾನ್ಸ್ ಮಹಿಳೆ, ಎತ್ತರ ಹೆಚ್ಚು. ಸೀರೆ ಗಿಡ್ಡ ಆಗುತ್ತದೆ, ಜಂಪರ್ ಹೆಗಲಲ್ಲಿ ಹರಿಯುತ್ತದೆ.

ಹಾಕಿಕೊಳ್ಳುವ ಚಪ್ಪಲಿ ಮೆಟ್ಟಿಯೇ ಹೊಕ್ಕುಳ ಮಟ್ಟದಿಂದ ನೆಲಕ್ಕೆ ಅಳೆಯಿರಿ. ಅದಕ್ಕೆ ಸಿಕ್ಕಿಸುವುದಕ್ಕೆಂದು 3 ಇಂಚು ಕೂಡಿಸಿ. ಸೀರೆಯ ಅಗಲ ಇದಕ್ಕಿಂತ ಕಡಿಮೆ ಇದ್ದರೆ ಕಣಕಾಲು ಕಾಣುವುದು ಖಚಿತ. ಅಂಗಡಿಯಲ್ಲಿ ಟೇಪು ಹಿಡಿದು ಅಗಲ ನೋಡಿ, ಒಂದು ಸೀರೆಯಿಂದ ಇನ್ನೊಂದಕ್ಕೆ ಎರಡು ಮೂರು ಇಂಚು ಹೆಚ್ಚುಕಮ್ಮಿ ಇರುತ್ತದೆ. ಸೊಂಟ ಕಿರಿದಾಗಿದ್ದರೆ ಬಿಗಿಯಾದ ಶೇಪ್‌ವೇರ್ ಲಂಗ ಬೇಡ, ನೆರಿಗೆ ತುಂಬಿದ ಹತ್ತಿ ಲಂಗ ಮೈಗೆ ದುಂಡು ಕೊಡುತ್ತದೆ.

ರೆಡಿಮೇಡ್ ಜಂಪರುಗಳ ಲೆಕ್ಕ ಎದೆ ಸುತ್ತಳತೆಯದು. ಹೆಗಲು 15.5, 16 ಇಂಚು ಇದ್ದವರಿಗೆ ಅದು ಬಗಲಲ್ಲಿ ಕಚ್ಚುತ್ತದೆ. ಹೊಲಿಸುವಾಗ ನಿಜವಾಗಿ ಹಾಕಿಕೊಳ್ಳುವ ಬ್ರಾ, ಪ್ಯಾಡ್ ಸಮೇತ ಅಳತೆ ಕೊಡಿ. ಬಗಲು ಅರ್ಧ ಇಂಚು ಇಳಿಸಲು ಹೇಳಿ, ಕೊರಳು ವಿ ಆಕಾರ, ಬುಗ್ಗೆ ತೋಳು ಬೇಡ. ಒಳಗೆ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಡಿಸಿ. ಹಾರ್ಮೋನು ತೆಗೆದುಕೊಳ್ಳುತ್ತಿದ್ದರೆ ಎದೆಯ ಅಳತೆ ಬದಲಾಗುತ್ತದೆ, ಬಿಚ್ಚಿ ಹೊಲಿಸಿಕೊಳ್ಳಲು ಬರುತ್ತದೆ.

ಟೇಲರ್ ಹತ್ತಿರ ಬಾಯಿ ಬರುವುದಿಲ್ಲ. ಏನಂತ ಹೇಳಲಿ?

ಗುರುತಿನ ವಿವರಣೆ ಬೇಡ, ಹೊಲಿಗೆಯ ಭಾಷೆ ಸಾಕು. "ಎದಿ ಹತ್ರ ಡಾರ್ಟ್ ಬ್ಯಾಡ, ಸೈಡ್ ನೇರ ಬರಲಿ, ಗುಂಡಿ ಗಂಡಸರ ಅಂಗಿ ಗತೆ ಬಲಕ್ಕ ಹಚ್ಚರಿ." ಗಂಡಸರ ಅಂಗಿಗೆ ಗುಂಡಿ ಬಲಭಾಗದಲ್ಲಿ, ಹೆಂಗಸರದಕ್ಕೆ ಎಡಭಾಗದಲ್ಲಿ. ಟೇಲರ್ ಕೈ ಅಭ್ಯಾಸದ ಮೇಲೆ ಹೊಲಿಯುತ್ತಾನೆ, ಹೇಳದಿದ್ದರೆ ತಪ್ಪಿದ್ದೇ. ಮೈ ಮುಟ್ಟಿಸಿಕೊಂಡು ಅಳತೆ ಕೊಡುವುದು ಹಿಂಸೆಯಾದರೆ, ಮೈಗೆ ಸರಿ ಕೂತ ಅಂಗಿಯೊಂದನ್ನು ಒಯ್ದು "ಇದರ ಅಳತಿಗೆ" ಅನ್ನಿ. ನಮ್ಮ ಕಡೆ ಜಾತ್ರೆ ನಾಟಕಕ್ಕೆ, ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ವೇಷದ ಬಟ್ಟೆ ಹೊಲಿಯುವ ಟೇಲರುಗಳಿರುತ್ತಾರೆ. ಗಂಡಸಿನ ಮೈಗೆ ಜಂಪರ್ ಹೊಲಿಯುವುದು ಅವರಿಗೆ ಹೊಸದಲ್ಲ, ಪ್ರಶ್ನೆಯೂ ಬರುವುದಿಲ್ಲ.

ಮೊದಲ ಸಲ ಒಳ್ಳೆಯ ಬಟ್ಟೆ ಕೊಡಬೇಡಿ. ಅಗ್ಗದ ಕಾಟನ್ನಿನಲ್ಲಿ ಒಂದು ಹೊಲಿಸಿ, ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ರೆಡಿಮೇಡ್ ತೆಗೆದುಕೊಂಡು ತಿದ್ದಿಸುವುದಾದರೆ ಹೆಗಲು ಸರಿ ಕೂರುವುದನ್ನೇ ಆರಿಸಿ. ಸೊಂಟ, ಉದ್ದ, ತೋಳು ಸುಲಭವಾಗಿ ತಿದ್ದಬಹುದು, ಹೆಗಲು ತಿದ್ದುವುದೆಂದರೆ ತೋಳು ಬಿಚ್ಚಿ ಹೊಸದಾಗಿ ಕೂಡಿಸಿದಂತೆ. ಹೆಗಲು ಕೂತು ಎದೆಯಲ್ಲಿ ಗುಂಡಿ ಬಾಯಿಬಿಟ್ಟರೆ ಎರಡು ಗುಂಡಿಗಳ ನಡುವೆ ಒಳಗಿನಿಂದ ಒಂದು ಟಿಚ್ ಬಟನ್ ಸಾಕು. ನಿತಂಬ ಅಗಲವಿದ್ದವರು ಅಂಗಿಯ ಬದಿಗೆ 3 ಇಂಚಿನ ಸೀಳು ಇಡಿಸಿ. ಕೆಳಅಂಚು ಅತಿ ಅಗಲದ ಜಾಗದಲ್ಲೇ ನಿಂತರೆ ಅಲ್ಲಿಗೇ ಗೆರೆ ಎಳೆದು ತೋರಿಸಿದ ಹಾಗಾಗುತ್ತದೆ, ಅದಕ್ಕಿಂತ ಮೇಲೆ ಅಥವಾ ಕೆಳಗೆ ನಿಲ್ಲಲಿ.

ಎದೆ ಚಪ್ಪಟೆ ಕಾಣಲು ಬೈಂಡರ್ ಹಾಕುತ್ತೇನೆ. ವಿಜಯಪುರದ ಬಿಸಿಲಿಗೆ ಆಗುತ್ತದೆಯೇ?

ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ದಿನ ಆಗುವುದಿಲ್ಲ ಅಂತಲೇ ಹೇಳುತ್ತೇವೆ. ಉಳಿದ ದಿನಗಳಲ್ಲೂ 8 ತಾಸಿಗಿಂತ ಹೆಚ್ಚು ಬೇಡ. ಮಲಗುವಾಗ, ಓಡುವಾಗ, ಭಾರ ಎತ್ತುವಾಗ, ಕೆಮ್ಮು-ದಮ್ಮು ಇದ್ದಾಗ ಹಾಕಬಾರದು. ಒಂದು ಸೈಜು ಸಣ್ಣದು ಕೊಂಡರೆ ಇನ್ನೂ ಚಪ್ಪಟೆ ಆಗುತ್ತದೆ ಅನ್ನುವುದು ಸುಳ್ಳು, ಪಕ್ಕೆಲುಬು ನೋಯುತ್ತದೆ ಅಷ್ಟೇ. ಮೆಡಿಕಲ್ ಅಂಗಡಿಯ ಕ್ರೇಪ್ ಬ್ಯಾಂಡೇಜ್ ಸುತ್ತುವವರಿದ್ದಾರೆ. ಇದು ನಿಜಕ್ಕೂ ಅಪಾಯ: ಉಸಿರಾಡಿದ ಹಾಗೆಲ್ಲ ಅದು ಸರಿದು ಬಿಗಿಯುತ್ತ ಹೋಗುತ್ತದೆ, ಸಡಿಲವಾಗುವುದಿಲ್ಲ. ಪ್ಯಾಕಿಂಗ್ ಟೇಪ್ ಅಂತೂ ಚರ್ಮವನ್ನೇ ಕಿತ್ತು ತರುತ್ತದೆ. ಕೈ ಜೋಮು, ಉಸಿರು ಮೇಲೆಮೇಲೆ, ಪಕ್ಕೆಯಲ್ಲಿ ಚುಚ್ಚಿದಂತಾದರೆ ಎಲ್ಲಿದ್ದರೂ ಬಿಚ್ಚಿ.

ಬೇಸಿಗೆಗೆ ಬೇರೆ ದಾರಿ ಇದೆ. ಗಟ್ಟಿ ಹಿಡಿತದ ಒಂದೇ ಸ್ಪೋರ್ಟ್ಸ್ ಬ್ರಾ, ಮೇಲೆ ಸ್ವಲ್ಪ ಬಿರುಸಾದ ಖಾದಿ ಅಂಗಿ. ಎರಡೂ ಬದಿಗೆ ಜೇಬು, ಗಾಢ ಬಣ್ಣ ಅಥವಾ ಸಣ್ಣ ಚೌಕಡಿ. ಮೆದು ಜರ್ಸಿ ಬಟ್ಟೆ, ಸಾದಾ ಬಿಳಿ, ಅಡ್ಡ ಪಟ್ಟೆ ಮೂರೂ ಆಕಾರವನ್ನು ತೋರಿಸಿಬಿಡುತ್ತವೆ.

ಕಸೂತಿಯಲ್ಲಿ ನನ್ನ ಬಾವುಟದ ಬಣ್ಣ ಹಾಕಿಕೊಳ್ಳಬೇಕು. ಹೇಗೆ?

ಅಂಗಿಯ ಕಫ್‌ನ ಒಳಬದಿ ಒಳ್ಳೆಯ ಜಾಗ. ತೋಳು ಇಳಿಸಿದರೆ ಕಾಣದು, ಮಡಚಿದರೆ ಕಾಣುತ್ತದೆ. ಕಸೂತಿಯ ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಕಲಿಯುವವರಿಗೆ ಗವಂತಿ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಎಳೆ ಕಣ್ಣಿಗೆ ಕಾಣದ ನುಣುಪು ಬಟ್ಟೆಯ ಮೇಲೆ ಜಾಳಿಗೆ ಬಟ್ಟೆಯ ತುಂಡೊಂದನ್ನು ಟಾಕಿ, ಅದರ ಮನೆ ಎಣಿಸಿ ಹೊಲಿದು, ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆರು ಎಳೆಯ ದಾರದಿಂದ ಎರಡೇ ಎಳೆ ಬಿಡಿಸಿಕೊಳ್ಳಿ.

ಹೋಗುವಾಗ ಒಂದು ಮನೆ ಹಾಕಿ ಒಂದು ಮನೆ ಬಿಡಿ. ವಾಪಸು ಬರುವಾಗ ಬಿಟ್ಟ ಮನೆ ತುಂಬಿ, ಶುರುವಾದ ಜಾಗಕ್ಕೇ ಬಂದು ಮುಗಿಸಿ. ಗಂಟು ಹಾಕುವಂತಿಲ್ಲ, ದಾರದ ಬಾಲವನ್ನು ಹೊಲಿಗೆಯ ಅಡಿಯಲ್ಲೇ ಸೇರಿಸಬೇಕು. ಸರಿಯಾಗಿ ಬಂದರೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಎಣಿಕೆ ಒಂದು ಮನೆ ತಪ್ಪಿದರೆ ವಾಪಸು ಬರುವಾಗ ಗೋಪುರದ ತುದಿ ಕೂಡುವುದಿಲ್ಲ. ಆಗ ಮುಂದುವರಿಸಿ ಹೊಂದಿಸಲು ಹೋಗದೆ ತಪ್ಪಿದ ಜಾಗದವರೆಗೂ ಬಿಚ್ಚಿ. ದಾರ ಜಗ್ಗಿ ಎಳೆದರೆ ಬಟ್ಟೆ ಮುದುಡುತ್ತದೆ. ಗೋಪುರ, ತೇರು, ನವಿಲು, ಯಾವುದಾದರೂ ಸರಿ, ಒಂದೊಂದು ಸಾಲಿಗೆ ಒಂದೊಂದು ಬಣ್ಣ. ತಿಳಿನೀಲಿ-ಗುಲಾಬಿ-ಬಿಳಿ ತೇರನ್ನು ನೋಡಿ ಅಜ್ಜಿ "ಛಲೋ ಹಾಕಿ" ಅಂತಾಳೆ. ಗಾಢ ಬಣ್ಣದ ದಾರವನ್ನು ಹಾಕುವ ಮುಂಚೆ ಬಿಸಿ ನೀರಲ್ಲಿ ಅದ್ದಿ ಬಣ್ಣ ಬಿಡುತ್ತದೆಯೇ ನೋಡಿ.

ಬಳೆ ಅಂಗಡಿಯಲ್ಲಿ ನನ್ನ ಕೈಗೆ ಯಾವುದೂ ಏರುವುದಿಲ್ಲ.

ಬಳೆಯ ನಂಬರಿನಲ್ಲಿ ಚುಕ್ಕಿ ದಶಮಾಂಶವಲ್ಲ, ಅದು ಇಂಚಿನ ಹದಿನಾರನೇ ಭಾಗದ ಲೆಕ್ಕ. 2.4 ಅಂದರೆ ಒಳವ್ಯಾಸ 2.25 ಇಂಚು, 2.8 ಅಂದರೆ 2.5, 2.10 ಅಂದರೆ 2.625, 2.12 ಅಂದರೆ 2.75. ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳ ಅತಿ ದಪ್ಪ ಜಾಗದಲ್ಲಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. 8.25 ಇಂಚು ಬಂದರೆ ನಿಮ್ಮದು 2.10. ಗಾಜಿನ ಬಳೆಯಲ್ಲಿ ದೊಡ್ಡ ನಂಬರು ಸಿಗದಿದ್ದರೆ ಕೀಲಿರುವ ಕಡಗ ಕೊಳ್ಳಿ, ಅದಕ್ಕೆ ಮಣಿಕಟ್ಟಿನ ಅಳತೆ ಸಾಕು.

ಚಪ್ಪಲಿ?

ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಅಥಣಿ, ನಿಪ್ಪಾಣಿ ಕಡೆ ಕೈಯಲ್ಲೇ ಮಾಡುತ್ತಾರೆ, ಹಾಗಾಗಿ ಗಂಡಸರ ಮಾದರಿ ಸಣ್ಣ ಪಾದಕ್ಕೆ, ಹೆಂಗಸರ ಮಾದರಿ 9, 10ನೇ ನಂಬರಿಗೆ ಹೇಳಿ ಮಾಡಿಸಬಹುದು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಕಾಗದದ ಮೇಲೆ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆಯಿರಿ. ಹೆಬ್ಬೆರಳ ಸಂದು ಗುರುತು ಮಾಡಿ, ಪಾದದ ಮೇಲ್ಭಾಗದ ಸುತ್ತಳತೆ ಬರೆಯಿರಿ. ಕೂತು ಎಳೆದರೆ ಅಳತೆ ಸಣ್ಣದಾಗುತ್ತದೆ. ತೊಗಲು ಬಳಸಿದ ಹಾಗೆ ಹಿಗ್ಗುವುದರಿಂದ ಮೊದಲಿಗೆ ತುಸು ಬಿಗಿ ಇರಲಿ.

ಕೂದಲು ಗಂಡಸರ ಸಲೂನಿನಲ್ಲಿ ಕತ್ತರಿಸಿಕೊಳ್ಳಬೇಕು.

ಫೋಟೋ ತೋರಿಸಿ, ನಂಬರು ಹೇಳಿ: "ಸೈಡಿಗೆ 3 ನಂಬರ್ ಮಶೀನ್, ಮ್ಯಾಲೆ ಕತ್ತರಿ, 2 ಇಂಚು ಇರ್ಲಿ." 3 ನಂಬರ್ ಅಂದರೆ ಸುಮಾರು 10 ಮಿಲಿಮೀಟರ್, 2 ಅಂದರೆ 6. ನಂಬರಿಗಿಂತ ಮುಖ್ಯ ಕಲ್ಲಿ (ಕಿವಿ ಮುಂದಿನ ಕೂದಲು) ಮತ್ತು ಹಿಂಗತ್ತು. ಕಲ್ಲಿಯನ್ನು ಚೂಪು ಮಾಡಿ ಬಿಟ್ಟರೆ ಪಿಕ್ಸಿ ಕಟ್ ಕಾಣುತ್ತದೆ, ಚೌಕ ಮಾಡಿದರೆ ಗಂಡಸರ ಕಟಿಂಗು. ಉದ್ದ ಬಿಡುವ ಗಂಡಸರು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ ಅಂತ ಲೆಕ್ಕ ಹಿಡಿದರೆ ಹೆಗಲಿಗೆ ಬರಲು ಎರಡು ವರ್ಷ ದಾಟುತ್ತದೆ. ಕೂದಲು ಗಂಟು ಬಿದ್ದರೆ ಯಾರಾದರೂ "ಜಡಿ ಬಂದೈತೇನು?" ಅಂತ, ಎಲ್ಲಮ್ಮನ ಕರೆ ಬಂದಿದೆ ಅಂದುಕೊಂಡು, ಕೈ ಮುಗಿಯಬಹುದು. ಬಾಚಣಿಗೆ ಜೊತೆಗಿರಲಿ.

ಹಾಗಾದರೆ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪರ ಮುತ್ತು, ಭಂಡಾರ ನಾನೂ ಹಾಕಿಕೊಳ್ಳಬಹುದೇ?

ಬೇಡ. ಸವದತ್ತಿ ಎಲ್ಲಮ್ಮನ ಮುತ್ತು ಕಟ್ಟಿಸಿಕೊಳ್ಳುವುದು ದೀಕ್ಷೆ, ಅಲಂಕಾರವಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡ ಹತ್ತುವವರಿಗೆ ಅದರ ನೇಮ, ಹೊಣೆ ಎರಡೂ ಗೊತ್ತು. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಆ ಸೀರೆ, ದೊಡ್ಡ ಕುಂಕುಮದ ಗತ್ತು ಬಹಳ ಮಂದಿಗೆ ಹಿಡಿಸಿದೆ. ಸೀರೆ, ಕುಂಕುಮ, ಹೂವು ಯಾರದ್ದೂ ಸ್ವಂತ ಆಸ್ತಿಯಲ್ಲ, ಧಾರಾಳ ಹಾಕಿಕೊಳ್ಳಿ. ಮುತ್ತು, ಭಂಡಾರ, ಚೌಡಿಕೆ ವಾದ್ಯ ಬಿಡಿ.

ಕಿವಿ, ಮೂಗು ಚುಚ್ಚಿಸಿಕೊಳ್ಳುವುದು?

ಗಂಡಸರಿಗೆ ಕಿವಿಯ ಒಂಟಿ, ಮೇಲ್ಕಿವಿಯ ಭಿಕಬಾಳಿ ನಮ್ಮಲ್ಲಿ ಹಳೆಯದು, ಯಾರೂ ಹುಬ್ಬೇರಿಸುವುದಿಲ್ಲ. ಕಿವಿಹಾಲೆ ಮಾಯಲು 6ರಿಂದ 8 ವಾರ, ಮೂಗಿಗೆ 4ರಿಂದ 6 ತಿಂಗಳು, ಮೇಲ್ಕಿವಿಗೆ 6 ತಿಂಗಳಿಂದ ವರ್ಷ. ಮೂಗಿಗೆ, ಮೇಲ್ಕಿವಿಗೆ ಗನ್ ಬೇಡವೇ ಬೇಡ, ಹೊಸ ಸೂಜಿಯಲ್ಲಿ ಚುಚ್ಚಿಸಿ. ಅರಿಶಿನ-ಎಣ್ಣೆ ಮೆತ್ತಿದರೆ ತೂತಿನ ಬಾಯಿ ಕಟ್ಟಿ ಕೀವು ನಿಲ್ಲುತ್ತದೆ. ಮೆಡಿಕಲ್‌ನ ಸಲೈನಿನಲ್ಲಿ ದಿನಕ್ಕೆರಡು ಸಲ ಒರೆಸಿದರೆ ಸಾಕು. ಚುಚ್ಚಿಸಲು ಮನಸ್ಸಿಲ್ಲದಿದ್ದರೆ ಒತ್ತುವ ನತ್ತು ಇದ್ದೇ ಇದೆ.

ಪೊಲೀಸರು ಹಿಡಿದು ಕೇಳಿದರೆ? ಬಟ್ಟೆಗೆ ಕಾನೂನು ಇದೆಯೇ?

ಸುಪ್ರೀಂ ಕೋರ್ಟ್ ಟ್ರಾನ್ಸ್ ಜನರ ಹಕ್ಕಿನ ಬಗ್ಗೆ ಕೊಟ್ಟ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ, ಉಡುಗೆ, ಮಾತು, ನಡೆನುಡಿಯಿಂದ ತನ್ನ ಲಿಂಗತ್ವವನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲೇ ಬರುತ್ತದೆ ಅಂದಿದೆ. 2018ರ ಸೆಪ್ಟೆಂಬರ್ 6ರ ತೀರ್ಪಿನಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ. ರಸ್ತೆಯಲ್ಲಿ ವಾದ ಬೇಡ. ಗುರುತಿನ ಚೀಟಿ, ಚಾರ್ಜ್ ಇರುವ ಫೋನು, ಎಲ್ಲಿದ್ದೀರಿ ಅಂತ ಗೊತ್ತಿರುವ ಒಬ್ಬ ಗೆಳೆಯ, ತುರ್ತಿಗೆ 112. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಬಟ್ಟೆ ಬದಲಿಸುವ ಯೋಜನೆ ಹಾಕಬೇಡಿ. ಮನೆಯಿಂದಲೇ ಒಳಗೆ ಹಾಕಿಕೊಂಡು, ಮೇಲಿನ ಅಂಗಿ ಅಥವಾ ಶಾಲು ತೆಗೆದರೆ ಸಾಕಾಗುವಂತೆ ಹೊಂದಿಸಿಕೊಳ್ಳಿ.

ಆಫೀಸಿಗೆ?

ವಾಚು, ಕನ್ನಡಕದ ಫ್ರೇಮು, ಅತ್ತರು, ಸರಿ ಕೂತ ಅಂಗಿ. ಇದರಲ್ಲಿ ಯಾವುದೂ ಯಾರ ಬಾಯಿಗೂ ಬೀಳುವುದಿಲ್ಲ.

ಮೇಕಪ್ ಹಾಕಿದರೂ ಗಡ್ಡದ ನೆರಳು ಬೂದಿ ಬೂದಿಯಾಗಿ ಕಾಣುತ್ತದೆ.

ಫೌಂಡೇಶನ್ ದಪ್ಪ ಹಾಕಿದಷ್ಟೂ ಬೂದಿ ಹೆಚ್ಚುತ್ತದೆ, ಏಕೆಂದರೆ ಕೆಳಗಿನ ನೀಲಿಛಾಯೆ ಹಾಗೇ ಇರುತ್ತದೆ. ಅದನ್ನು ಕಿತ್ತಳೆ ಬಣ್ಣ ಕೊಲ್ಲುತ್ತದೆ. ಹೊಸ ಬ್ಲೇಡಿನಲ್ಲಿ ಕ್ಷೌರ ಮಾಡಿ, 20 ನಿಮಿಷ ಬಿಟ್ಟು, ನೆರಳಿರುವ ಜಾಗಕ್ಕೆ ಮಾತ್ರ ಕಿತ್ತಳೆ ಕರೆಕ್ಟರನ್ನು ತೆಳ್ಳಗೆ ತಟ್ಟಿ. ಮೈಬಣ್ಣ ತಿಳಿಯಾಗಿದ್ದರೆ ಪೀಚ್. ತಿಕ್ಕಬೇಡಿ, ಬೆರಳ ತುದಿಯಿಂದ ಒತ್ತಿ. ಮೇಲೆ ತೆಳು ಪೌಡರ್ ಹಾಕಿ ಕೂರಿಸಿ, ಆಮೇಲೆ ಫೌಂಡೇಶನ್, ಮತ್ತೆ ಪೌಡರ್. ಬೆವರು ಬಂದರೆ ಕರವಸ್ತ್ರದಿಂದ ಒರೆಸದೆ ಒತ್ತಿ ತೆಗೆಯಿರಿ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ರೆಪ್ಪೆಯ ಬುಡದಲ್ಲಿ ಕಾಡಿಗೆ ಉಳಿದಿರುತ್ತದೆ, ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಹತ್ತಿಯಿಂದ ಇನ್ನೊಮ್ಮೆ ಒರೆಸಿಕೊಳ್ಳಿ.